ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ: ಪದವಿ ತರಗತಿಗೆ ಜಿಐಎಸ್ ಕಲಿಸುವ ದಾರಿ

ಮೊದಲ ವರ್ಷ ನಾನು ಜಿಐಎಸ್ (ನಕ್ಷೆಗೆ ಮಾಹಿತಿ ಜೋಡಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಪಾಠವನ್ನು ಕೆನಡಾದಿಂದ ಶುರು ಮಾಡಿದ್ದೆ. 1960ರ ದಶಕ, ಮೊದಲ ಜಿಐಎಸ್ ರೂಪಿಸಿದ ರೋಜರ್ ಟಾಮ್ಲಿನ್‌ಸನ್, ಅಲ್ಲಿನ ಸರ್ಕಾರ ಭೂಮಿಯ ಲೆಕ್ಕ ಇಡಲು ಕಟ್ಟಿಸಿದ ವ್ಯವಸ್ಥೆ, ಹೀಗೆ. ಹಿಂದಿನ ಬೆಂಚಿನ ಹುಡುಗನೊಬ್ಬ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಏನೋ ಗೀಚುತ್ತಿದ್ದ. ಹೋಗಿ ಇಣುಕಿದೆ. ಅವರ ಮನೆ ಜಮೀನಿನ ಚಿತ್ರ. ಅಪ್ಪ, ಚಿಕ್ಕಪ್ಪಂದಿರ ಪಾಲು, ನಡುವೆ ಬದು, ಮೂಲೆಯಲ್ಲಿ ಬೋರ್‌ವೆಲ್, ಗಾಡಿ ದಾರಿ. ಪ್ರತಿ ತುಂಡಿನ ಒಳಗೂ ಎಷ್ಟು ಗುಂಟೆ, ಯಾರ ಹೆಸರು ಅಂತ ಬರೆದಿದ್ದ. ನಾನು ಮೂರು ವಾರದ ನಂತರ ಹೇಳಿಕೊಡಬೇಕು ಅಂದುಕೊಂಡಿದ್ದನ್ನು ಅವನು ಆಗಲೇ ಮಾಡಿ ಮುಗಿಸಿದ್ದ.

ಅವತ್ತಿನಿಂದ ಪಾಠದ ಕ್ರಮವನ್ನೇ ತಿರುಗಿಸಿಬಿಟ್ಟೆ. ಬಿಎ, ಬಿಎಸ್ಸಿ ಭೂಗೋಳ ಮಕ್ಕಳಿಗೆ ಒಂದು ಸೆಮಿಸ್ಟರಿನಲ್ಲಿ ಜಿಐಎಸ್ ಕಲಿಸಬೇಕಾದ ಮೇಷ್ಟ್ರುಗಳಿಗೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಕೋಲಾರ ಜಿಲ್ಲೆ ಇಟ್ಟುಕೊಂಡಿದ್ದೇನೆ. ಯಾಕೆ ಕೋಲಾರ ಅನ್ನುವುದು ಮುಂದೆ ಗೊತ್ತಾಗುತ್ತದೆ. ನೀವು ನಿಮ್ಮ ತಾಲೂಕು ಹಾಕಿಕೊಳ್ಳಿ.

ಮೊದಲ ಎರಡು ವಾರ ಕಂಪ್ಯೂಟರ್ ಆನ್ ಮಾಡಬೇಡಿ

ಮೊದಲ ತರಗತಿಗೆ ಪ್ರತಿಯೊಬ್ಬರೂ ಒಂದು ಪಹಣಿ ತರಲಿ. ಮನೆಯದ್ದು, ನೆಂಟರದ್ದು, ಯಾವುದಾದರೂ ಆಗಬಹುದು. ಜಮೀನಿಲ್ಲದ ಮನೆಯ ಮಕ್ಕಳೂ ಇರುತ್ತಾರೆ. ಅವರಿಗೆ ಮುಜುಗರ ಆಗದ ಹಾಗೆ ನೀವೇ ನಾಲ್ಕೈದು ಹೆಚ್ಚಿನ ಪ್ರತಿ ಇಟ್ಟುಕೊಂಡಿರಿ, ಹೆಸರಿನ ಮೇಲೆ ಮಸಿ ಹೊಡೆದು. ಜೊತೆಗೆ ಒಂದು ಹಳ್ಳಿಯ ಗ್ರಾಮ ನಕ್ಷೆ ಬೇಕು.

ಪಹಣಿಯಲ್ಲಿ ಏನಿದೆ? ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಮಣ್ಣು, ಬೆಳೆ. ಚಿತ್ರ ಇಲ್ಲ. ಗ್ರಾಮ ನಕ್ಷೆಯಲ್ಲಿ ಏನಿದೆ? ಗಡಿ, ದಾರಿ, ಹಳ್ಳ. ಬೆಳೆ ಇಲ್ಲ, ಹೆಸರಿಲ್ಲ. ಎರಡನ್ನೂ ಕಟ್ಟುವ ದಾರ ಯಾವುದು? ಸರ್ವೆ ನಂಬರ್. ಇಷ್ಟನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ಆಮೇಲೆ ಮೆಲ್ಲಗೆ ಹೇಳಿ: ಪಹಣಿಗೆ ಜಿಐಎಸ್‌ನಲ್ಲಿ ಆಟ್ರಿಬ್ಯೂಟ್ ಟೇಬಲ್ ಅಂತಾರೆ, ನಕ್ಷೆಗೆ ಜಿಯಾಮೆಟ್ರಿ ಅಂತಾರೆ, ಸರ್ವೆ ನಂಬರ್ ಇಟ್ಟುಕೊಂಡು ಎರಡನ್ನೂ ಸೇರಿಸುವುದಕ್ಕೆ ಜಾಯಿನ್ ಅಂತಾರೆ. ಪಠ್ಯಪುಸ್ತಕದ ಒಂದು ಅಧ್ಯಾಯ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಪಾಯಿಂಟ್, ಲೈನ್, ಪಾಲಿಗಾನ್ ಹೇಳಿಕೊಡಲು ಕೆರೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ತೂಬು ಪಾಯಿಂಟ್. ಏರಿ ಲೈನ್. ಅಚ್ಚುಕಟ್ಟು ಪಾಲಿಗಾನ್. ಕೋಡಿ ಏನು ಅಂತ ಕೇಳಿ ನೋಡಿ, ತರಗತಿ ಎರಡು ಭಾಗ ಆಗುತ್ತದೆ. ಒಬ್ಬರು ಪಾಯಿಂಟ್ ಅಂತಾರೆ, ಇನ್ನೊಬ್ಬರು ಕೋಡಿ ನೀರು ಹರಿಯುವ ಕಾಲುವೆ ಸೇರಿಸಿ ಲೈನ್ ಅಂತಾರೆ. ಜಗಳ ಆಡಲಿ ಬಿಡಿ. ಇಬ್ಬರೂ ಸರಿ. ಎಷ್ಟು ಹತ್ತಿರದಿಂದ ನೋಡುತ್ತಿದ್ದೀವಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸ್ಕೇಲ್ ಅನ್ನುವ ಪಾಠ ಆ ಜಗಳದಲ್ಲೇ ಇದೆ.

ಇನ್ನು ರಾಸ್ಟರ್, ಅಂದರೆ ಪಿಕ್ಸೆಲ್ ಅನ್ನುವ ಚೌಕಗಳಿಂದ ಆದ ಚಿತ್ರ. ಮಕ್ಕಳು ತಡವರಿಸುವುದು ಇಲ್ಲೇ. ಪಿಕ್ಸೆಲ್ ಅಂದರೆ ಫೋನ್ ಕ್ಯಾಮೆರಾದ ಮೆಗಾಪಿಕ್ಸೆಲ್ ಅಷ್ಟೇ ಅವರಿಗೆ. ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿ. ನಮ್ಮ ಸರ್ವೆಯ ಸರಪಳಿ 33 ಅಡಿ. ಅದನ್ನು 16 ಆಣೆಗಳಾಗಿ ಭಾಗ ಮಾಡುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. 33 ಅಡಿ ಎಷ್ಟು ಮೀಟರ್? 10.06. ಈಗ ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು? 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಮ್ಮಿ ಸರಿಯಾಗಿ ಒಂದು ಗುಂಟೆ! 40 ಪಿಕ್ಸೆಲ್ ಎಣಿಸಿದರೆ ಒಂದು ಎಕರೆ. ಇನ್ನೊಂದು ಉಪಗ್ರಹ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಅಂದರೆ ಒಂಬತ್ತು ಗುಂಟೆ. ಇದು ಬರೀ ಕಾಕತಾಳೀಯ, ಆದರೆ ಪಾಠ ಮಾಡುವವರಿಗೆ ವರ. "ಹಾಗಾದ್ರೆ ನಮ್ಮ ಐದು ಗುಂಟೆ ಹೂವಿನ ತೋಟ ಲ್ಯಾಂಡ್‌ಸ್ಯಾಟ್‌ನಲ್ಲಿ ಕಾಣಲ್ಲ ಅಲ್ವಾ ಸರ್?" ಅಂತ ಒಬ್ಬಳು ಕೇಳಿದಳು. ರೆಸೊಲ್ಯೂಶನ್ ಅಂದರೇನು ಅಂತ ನಾನು ಮತ್ತೆ ವಿವರಿಸಲಿಲ್ಲ.

ಲ್ಯಾಬ್ ಸಿದ್ಧ ಮಾಡಿಕೊಳ್ಳುವುದು

ನಮ್ಮಲ್ಲಿ 40 ಮಕ್ಕಳಿಗೆ ಹತ್ತು ಕಂಪ್ಯೂಟರ್, ಅದರಲ್ಲಿ ಎರಡು ಯಾವಾಗಲೂ ಕೆಟ್ಟಿರುತ್ತವೆ. ನಿಮ್ಮಲ್ಲೂ ಹೀಗೇ ಇರಬಹುದು. ತಂತ್ರಾಂಶ ಕ್ಯೂಜಿಐಎಸ್ ಸಾಕು. 2002ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ದೀರ್ಘಕಾಲ ಬೆಂಬಲ ಇರುವ ಆವೃತ್ತಿಯನ್ನೇ ಎಲ್ಲ ಕಂಪ್ಯೂಟರಿಗೂ ಹಾಕಿ. ಒಂದೊಂದರಲ್ಲಿ ಒಂದೊಂದು ಆವೃತ್ತಿ ಇದ್ದರೆ ಮೆನು ಜಾಗ ಬದಲಾಗಿ ತರಗತಿ ಸಂತೆ ಆಗುತ್ತದೆ. ಇನ್‌ಸ್ಟಾಲರ್ ದೊಡ್ಡದು. ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಕಾಲೇಜಿನ ಇಂಟರ್ನೆಟ್ ನಂಬಿ ಯಾವ ಪ್ರಾಕ್ಟಿಕಲ್ಲೂ ಇಟ್ಟುಕೊಳ್ಳಬೇಡಿ.

ಇಬ್ಬರು ಅಥವಾ ಮೂವರಿಗೆ ಒಂದು ಯಂತ್ರ ಬಂದರೆ ಮೌಸ್ ಹಿಡಿಯುವವರು ಹದಿನೈದು ನಿಮಿಷಕ್ಕೊಮ್ಮೆ ಬದಲಾಗಲಿ. ಇದನ್ನು ಗಡಿಯಾರ ನೋಡಿಯೇ ಮಾಡಿಸಿ. ಇಲ್ಲವಾದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರೇ ಸೆಮಿಸ್ಟರ್ ಪೂರ್ತಿ ಮೌಸ್ ಹಿಡಿದಿರುತ್ತಾರೆ, ಉಳಿದವರು ಪಕ್ಕದಲ್ಲಿ ಕೂತು ಸುಮ್ನೆ ತಲೆ ಆಡಿಸುತ್ತಾರೆ.

ನಕ್ಷೆಯ ದತ್ತಾಂಶ ಇಡುವ ಫೈಲ್ ವಿಷಯದಲ್ಲಿ ಒಂದು ಮಾತು. ಶೇಪ್‌ಫೈಲ್ ಅನ್ನುವುದು ಒಂದೇ ಫೈಲ್ ಅಲ್ಲ, ನಾಲ್ಕೈದು ಫೈಲುಗಳ ಗುಂಪು. ಮಕ್ಕಳು ಒಂದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು "ತೆರೀತಾ ಇಲ್ಲ ಸರ್" ಅಂತಾರೆ. ಇನ್ನೊಂದು ತೊಂದರೆ ನಮಗೇ ವಿಶೇಷವಾದದ್ದು. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ. ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಒಂದೊಂದು ಚಿಹ್ನೆ ಯುನಿಕೋಡ್‌ನಲ್ಲಿ ಮೂರು ಬೈಟ್ ತಿನ್ನುತ್ತದೆ. 'ವಿಸ್ತೀರ್ಣ' ಅಂತ ಕೊಟ್ಟರೆ 'ವಿಸ' ಅನ್ನುವಷ್ಟರಲ್ಲೇ ಜಾಗ ಮುಗಿಯುತ್ತದೆ. ಹಾಗಾಗಿ ಮೊದಲಿನಿಂದಲೇ ಜಿಯೋಪ್ಯಾಕೇಜ್ ಬಳಸಿ. ಎಲ್ಲ ಒಂದೇ ಫೈಲ್‌ನಲ್ಲಿ, ಕನ್ನಡಕ್ಕೂ ತೊಂದರೆ ಇಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಸಿಕ್ಕರೆ ಯುನಿಕೋಡ್‌ಗೆ ಬದಲಿಸಿದ ಮೇಲೇ ಒಳಗೆ ತನ್ನಿ.

ಕೋಲಾರದ ಕೆರೆ ಸಮುದ್ರಕ್ಕೆ ಬಿದ್ದಾಗ

ಪ್ರೊಜೆಕ್ಷನ್, ಅಂದರೆ ಗುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪಾಠವನ್ನು ಕಿತ್ತಳೆ ಸಿಪ್ಪೆ ಬಿಡಿಸಿ ತೋರಿಸಿ ಮುಗಿಸುವವರು ಜಾಸ್ತಿ. ಸಿಪ್ಪೆ ಚೆನ್ನಾಗಿದೆ, ಆದರೆ ಅದರಿಂದ ಪರೀಕ್ಷೆಯ ಉತ್ತರ ಮಾತ್ರ ಹುಟ್ಟುತ್ತದೆ. ಮಕ್ಕಳಿಗೆ ಬೇಕಾದದ್ದು ತಪ್ಪು ಮಾಡುವ ಅವಕಾಶ. ನಾನು ಬೇಕಂತಲೇ ನಾಲ್ಕು ತಪ್ಪು ಮಾಡಿಸುತ್ತೇನೆ. ಕೋಲಾರ ಇಲ್ಲಿ ಬಲು ಉಪಯೋಗಕ್ಕೆ ಬರುತ್ತದೆ.

ಮೊದಲ ತಪ್ಪು ಅಕ್ಷಾಂಶ, ರೇಖಾಂಶ ಅದಲು ಬದಲು. ಕೋಲಾರ ಪಟ್ಟಣ ಸುಮಾರು 13.13 ಡಿಗ್ರಿ ಉತ್ತರ, 78.13 ಡಿಗ್ರಿ ಪೂರ್ವ. ಟೇಬಲ್‌ನಿಂದ ಪಾಯಿಂಟ್ ತರುವಾಗ ಎಕ್ಸ್ ಜಾಗದಲ್ಲಿ ಅಕ್ಷಾಂಶ ಹಾಕಿಸಿ. ಕೋಲಾರ ಎಲ್ಲಿಗೆ ಹೋಯಿತು ಹುಡುಕಿ ಅನ್ನಿ. ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ತೀರದಲ್ಲಿ ಸಿಗುತ್ತದೆ. ಹಿಮಕರಡಿಗಳ ಊರು. ಎಕ್ಸ್ ಅಂದರೆ ರೇಖಾಂಶ ಅನ್ನುವುದನ್ನು ಆಮೇಲೆ ಯಾರೂ ಮರೆಯುವುದಿಲ್ಲ.

ಎರಡನೆಯದು ಯುಟಿಎಂ ಪಟ್ಟಿಯ ತಪ್ಪು. ಯುಟಿಎಂ ಅಂದರೆ ಮೀಟರಿನಲ್ಲಿ ಅಳೆಯುವ ಒಂದು ಪ್ರೊಜೆಕ್ಷನ್, ಅದರಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿದ್ದಾರೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೇ ಪಟ್ಟಿ. ಕರ್ನಾಟಕದ ಬಹುಪಾಲು ಅದರಲ್ಲೇ ಇದೆ. ಆದರೆ 78ರ ಗೆರೆ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು 43ರಲ್ಲಿ, ಬಂಗಾರಪೇಟೆ 44ರಲ್ಲಿ. ಕ್ಯೂಜಿಐಎಸ್‌ನಲ್ಲಿ ಇವುಗಳ ಸಂಖ್ಯೆ 32643 ಮತ್ತು 32644. ಒಂದು ಗುಂಪು ಕೋಲಾರದ ಕೆರೆಯನ್ನು 43ರಲ್ಲಿ ಬಿಡಿಸಲಿ, ಇನ್ನೊಂದು ಗುಂಪು 44ರಲ್ಲಿ. ಎರಡೂ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಈಗ ಲೇಯರ್‌ನ (ನಕ್ಷೆಯ ಒಂದು ಪದರದ) ಸಿಆರ್‌ಎಸ್, ಅಂದರೆ ನಿರ್ದೇಶಾಂಕ ಪದ್ಧತಿ, ಬದಲಿಸಿ ಅನ್ನಿ. ಮಕ್ಕಳು ರೀಪ್ರೊಜೆಕ್ಟ್ ಮಾಡುವ ಬದಲು ಸೆಟ್ ಸಿಆರ್‌ಎಸ್ ಒತ್ತುತ್ತಾರೆ. ಒಂದು ಗುಂಪಿನ ಕೆರೆ 650 ಕಿ.ಮೀ. ಪೂರ್ವಕ್ಕೆ ಹಾರಿ ಬಂಗಾಳ ಕೊಲ್ಲಿಗೆ ಬೀಳುತ್ತದೆ, ಇನ್ನೊಂದು ಗುಂಪಿನದು ಅಷ್ಟೇ ದೂರ ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ. ಸೇರಿನಲ್ಲಿ ಅಳೆದ ರಾಗಿ ಮೂಟೆಯ ಮೇಲೆ ಕೆ.ಜಿ. ಅಂತ ಚೀಟಿ ಅಂಟಿಸಿದ ಹಾಗೆ ಅದು. ಚೀಟಿ ಬದಲಾಯಿತು, ಒಳಗಿನ ಅಳತೆ ಹಾಗೇ ಇದೆ. ರೀಪ್ರೊಜೆಕ್ಟ್ ಅಂದರೆ ಮೂಟೆ ಬಿಚ್ಚಿ ಮತ್ತೆ ಅಳೆಯುವುದು.

ಮೂರನೆಯದು ಬಫರ್, ಅಂದರೆ ಒಂದು ಆಕೃತಿಯ ಸುತ್ತ ಹೇಳಿದಷ್ಟು ದೂರದವರೆಗೆ ಬಿಡಿಸುವ ಪಟ್ಟಿ. ಕೆರೆಯ ಸುತ್ತ 30 ಮೀಟರ್ ಬಫರ್ ಹಾಕಿ ಅಂತ ಹೇಳಿ, ಲೇಯರ್ ಮಾತ್ರ ಡಿಗ್ರಿಯಲ್ಲಿ, ಅಂದರೆ 4326 ಸಂಖ್ಯೆಯ ಸಿಆರ್‌ಎಸ್‌ನಲ್ಲಿ ಕೊಡಿ. 30 ಅಂತ ಟೈಪ್ ಮಾಡುತ್ತಾರೆ. ಯೆಮನ್ ಕರಾವಳಿಯಿಂದ ವಿಯೆಟ್ನಾಂವರೆಗೆ ಒಂದು ಗುಂಡು ವೃತ್ತ! ನಗು ನಿಂತ ಮೇಲೆ ಬೆಂಗಳೂರಿನ ಕಥೆ ಹೇಳಿ. ನಗರದ ಕೆರೆಗಳ ಸುತ್ತ 30 ಮೀಟರ್ ಇದ್ದ ಮೀಸಲು ಜಾಗವನ್ನು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರ್ ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಒಂದೇ ಕೆರೆಗೆ 30 ಮತ್ತು 75, ಎರಡೂ ಬಫರ್ ಹಾಕಿಸಿ. ನಡುವಿನ ಜಾಗ ಎಷ್ಟು ಎಕರೆ, ಅದರಲ್ಲಿ ಎಷ್ಟು ಮನೆ ಅಂತ ಎಣಿಸಲಿ. ಬಫರ್ ಬಟನ್ನಿನ ಹಿಂದೆ ಎಷ್ಟು ದುಡ್ಡು, ಎಷ್ಟು ಕೋರ್ಟ್ ಇದೆ ಅಂತ ಗೊತ್ತಾಗುತ್ತದೆ.

ನಾಲ್ಕನೆಯದು ವಿಸ್ತೀರ್ಣ. ಇದು ಹೊರಗೆ ಕಾಣದ ತಪ್ಪು, ಅದಕ್ಕೇ ಅಪಾಯ ಜಾಸ್ತಿ. ಆನ್‌ಲೈನ್ ಹಿನ್ನೆಲೆ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲಿ ಕೆರೆ ಬಿಡಿಸಿ ಏರಿಯಾ ತೆಗೆದರೆ ಕೋಲಾರದ ಅಕ್ಷಾಂಶದಲ್ಲಿ ಸುಮಾರು 6 ಶೇಕಡಾ ಉಬ್ಬಿರುತ್ತದೆ. 100 ಎಕರೆ ಕೆರೆ 106 ಎಕರೆ ಆಗುತ್ತದೆ. ಕ್ಯೂಜಿಐಎಸ್‌ನಲ್ಲಿ ಏರಿಯಾಗೆ ಎರಡು ಸೂತ್ರಗಳಿವೆ. ಡಾಲರ್ ಚಿಹ್ನೆ ಇರುವುದು ಪ್ರಾಜೆಕ್ಟಿನಲ್ಲಿ ಹೇಳಿದ ದೀರ್ಘಗೋಳದ (ಭೂಮಿಯ ಆಕಾರಕ್ಕೆ ಹೊಂದುವ, ಸ್ವಲ್ಪ ಚಪ್ಪಟೆಯಾದ ಗೋಳ) ಮೇಲೆ ಲೆಕ್ಕ ಹಾಕುತ್ತದೆ. ಜಿಯಾಮೆಟ್ರಿಯನ್ನು ಆವರಣದಲ್ಲಿ ಕೊಡುವುದು ಚಪ್ಪಟೆ ನಕ್ಷೆಯ ಮೇಲೆ. ಎರಡನ್ನೂ ಪಕ್ಕಪಕ್ಕದ ಕಾಲಂನಲ್ಲಿ ಹಾಕಿಸಿ, ವ್ಯತ್ಯಾಸ ಯಾಕೆ ಬಂತು ಅಂತ ಬರೆಸಿ. ನನ್ನ ಪ್ರಕಾರ ಇಡೀ ಸೆಮಿಸ್ಟರಿನ ಅತ್ಯುತ್ತಮ ಅಸೈನ್‌ಮೆಂಟ್ ಇದು.

ಹಳೇ ಟೊಪೊಶೀಟ್ (ಸರ್ವೆ ಆಫ್ ಇಂಡಿಯಾದ ಕಾಗದದ ನಕ್ಷೆ) ಜಿಯೋರೆಫರೆನ್ಸ್ ಮಾಡಿಸುವವರಿಗೆ, ಅಂದರೆ ಅದನ್ನು ಅಕ್ಷಾಂಶ, ರೇಖಾಂಶಕ್ಕೆ ಹೊಂದಿಸುವವರಿಗೆ ಒಂದು ಎಚ್ಚರಿಕೆ. ಅವು ಎವರೆಸ್ಟ್ ದೀರ್ಘಗೋಳದ ಮೇಲೆ ಇವೆ, ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84ರ ಮೇಲೆ. ನೂರು, ಇನ್ನೂರು ಮೀಟರ್ ಜರುಗುತ್ತದೆ. ಮಕ್ಕಳ ತಪ್ಪು ಅಂತ ಬೈಯಬೇಡಿ. ಸರ್ವೆ ಆಫ್ ಇಂಡಿಯಾದ ಹೊಸ ಓಪನ್ ಸೀರೀಸ್ ನಕ್ಷೆಗಳಲ್ಲಿ ಈ ಗೊಂದಲ ಇಲ್ಲ.

ಏರಿ ಮೇಲೆ ಒಂದು ದಿನ

ಹೋಗುವ ಮೊದಲು ಗ್ರಾಮ ಪಂಚಾಯಿತಿಗೆ ಹೇಳಿ. ಇಪ್ಪತ್ತು ಹುಡುಗರು ಫೋನ್ ಹಿಡಿದು ಏರಿ ಮೇಲೆ ಓಡಾಡಿದರೆ ಊರವರು ಕೇಳುವ ಮೊದಲ ಪ್ರಶ್ನೆ, "ಯಾವ ರೋಡಿಗೆ ಅಳೀತಿದೀರಾ?" ನಾವು ಹೇಳದೆ ಹೋದ ಸಲ ಮಧ್ಯಾಹ್ನದ ಹೊತ್ತಿಗೆ ಜಮೀನು ಹೋಗುತ್ತದೆ ಅಂತ ಸುದ್ದಿ ಹಬ್ಬಿ, ಸಮಾಧಾನ ಮಾಡುವುದರಲ್ಲೇ ದಿನ ಮುಗಿಯಿತು.

ಫೋನಿಗೆ ಕ್ಯೂಫೀಲ್ಡ್ ಆ್ಯಪ್ ಹಾಕಿ, ಫಾರಂ ಅನ್ನು ಲ್ಯಾಬ್‌ನಲ್ಲೇ ಸಿದ್ಧ ಮಾಡಿಕೊಳ್ಳಿ. ತೂಬಿನ ಸ್ಥಿತಿಗೆ 'ಸರಿಯಿದೆ', 'ಮುಚ್ಚಿದೆ', 'ಒಡೆದಿದೆ' ಅಂತ ಮೂರೇ ಆಯ್ಕೆ ಕೊಡಿ. ಬರೆಯಲು ಬಿಟ್ಟರೆ 'ಒಡೆದಿದೆ' ಅನ್ನುವುದಕ್ಕೇ ಏಳು ಕಾಗುಣಿತ ಬರುತ್ತವೆ, ಆಮೇಲೆ ಎಣಿಸಲು ಆಗುವುದಿಲ್ಲ. ಒಂದೇ ತೂಬನ್ನು ಆರು ಫೋನಿನಲ್ಲಿ ಗುರುತಿಸಲು ಹೇಳಿ. ಆರು ಚುಕ್ಕಿ ಆರು ಕಡೆ ಬೀಳುತ್ತವೆ, ಮರದ ಕೆಳಗಾದರೆ ಇನ್ನೂ ದೂರ. ಆ ಚುಕ್ಕಿಗಳ ನಡುವಿನ ಅಂತರ ಅಳೆಸಿ. ನಿಖರತೆ ಅನ್ನುವ ಪದಕ್ಕೆ ಮೀಟರಿನಲ್ಲಿ ಅರ್ಥ ಸಿಗುತ್ತದೆ.

ಸಿಕ್ಕರೆ ನೀರುಗಂಟಿಯನ್ನು ಮಾತಾಡಿಸಿ. ತೂಬು ಎತ್ತಿದರೆ ನೀರು ಮೊದಲು ಯಾರ ಗದ್ದೆಗೆ, ಆಮೇಲೆ ಯಾರದ್ದಕ್ಕೆ, ನೀರು ಕಡಿಮೆ ಇದ್ದ ವರ್ಷ ಎಲ್ಲಿಗೆ ನಿಲ್ಲಿಸುತ್ತಿದ್ದರು ಅಂತ ಅವರು ಹೇಳುತ್ತಾ ಹೋಗಲಿ, ಮಕ್ಕಳು ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ. ಯಾವ ಉಪಗ್ರಹಕ್ಕೂ ಸಿಗದ ಲೇಯರ್ ಅದು. ಒಂದು ಗುಂಪು ಹಾಗೆ ಬಿಡಿಸಿದ ಅಚ್ಚುಕಟ್ಟಿನ ನಕ್ಷೆ ಇನ್ನೂ ನನ್ನ ಟೇಬಲ್ ಮೇಲಿದೆ.

ಒತ್ತುವರಿ ವಿಷಯದಲ್ಲಿ ಮಾತ್ರ ಕೈ ಹಿಡಿದು ನಡೆಯಿರಿ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಮಕ್ಕಳಿಗೆ ಪತ್ತೇದಾರಿ ಹುಮ್ಮಸ್ಸು ಬಂದುಬಿಡುತ್ತದೆ. ಆದರೆ ಐದಾರು ಮೀಟರ್ ಆಚೀಚೆ ತೋರಿಸುವ ಫೋನ್ ಇಟ್ಟುಕೊಂಡು ಗಡಿಯ ಜಗಳ ತೀರಿಸಲು ಆಗದು. ಯಾರ ಸರ್ವೆ ನಂಬರನ್ನೂ 'ಒತ್ತುವರಿ' ಅಂತ ಬರೆದು ವಾಟ್ಸ್ಆ್ಯಪ್‌ಗೆ ಹಾಕಬಾರದು. ಇದನ್ನು ನಾನು ಬಸ್ ಹತ್ತುವ ಮೊದಲೇ ಹೇಳುತ್ತೇನೆ.

ಮೇಲಿನಿಂದ ಅದೇ ಕೆರೆ

ಕೋಲಾರ ಆರಿಸಿಕೊಂಡ ಮುಖ್ಯ ಕಾರಣ ಇಲ್ಲಿದೆ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ, ಕೆರೆಗಳೇ ಆಧಾರ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕಳಿಸುವ ಯೋಜನೆ, ದಿನಕ್ಕೆ 44 ಕೋಟಿ ಲೀಟರ್ ಗುರಿ. ಅಂದರೆ ಮೊದಲು, ನಂತರ ಅಂತ ಹೋಲಿಸಲು ಸ್ಪಷ್ಟವಾದ ಒಂದು ದಿನಾಂಕ ಇದೆ.

ಹೀಗೆ ಮಾಡಿಸಿ:

1. ಯುರೋಪಿನ ಉಪಗ್ರಹ ಚಿತ್ರಗಳ ಜಾಲತಾಣ ಕೋಪರ್ನಿಕಸ್ ಬ್ರೌಸರ್‌ನಿಂದ ಸೆಂಟಿನೆಲ್-2 ಚಿತ್ರ ಇಳಿಸಿ. 2017ರ ಫೆಬ್ರವರಿಯ ಒಂದು, 2020ರ ಫೆಬ್ರವರಿಯ ಒಂದು. ಮಳೆಗಾಲದಲ್ಲಿ ಬರೀ ಮೋಡ ಸಿಗುತ್ತದೆ. ಚಿತ್ರ ದೊಡ್ಡದು, ಬೇಕಾದ ತಾಲೂಕಿನಷ್ಟು ಕತ್ತರಿಸಿ ಮಕ್ಕಳಿಗೆ ಕೊಡಿ.

2. ಚಿತ್ರದ ಒಂದೊಂದು ಬ್ಯಾಂಡ್ ಒಂದೊಂದು ಬಗೆಯ ಬೆಳಕಿನ ಅಳತೆ. ಹಸಿರು ಬ್ಯಾಂಡ್ ಮೂರನೆಯದು, ಅವಗೆಂಪಿನ ಬ್ಯಾಂಡ್ ಎಂಟನೆಯದು. ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ (ಬಿ3 − ಬಿ8) / (ಬಿ3 + ಬಿ8). ಇದಕ್ಕೆ ಎನ್‌ಡಿಡಬ್ಲ್ಯುಐ ಅಂತ ಹೆಸರು. ನೀರು ಅವಗೆಂಪನ್ನು ನುಂಗಿಬಿಡುತ್ತದೆ, ಹಾಗಾಗಿ ಉತ್ತರ ಸೊನ್ನೆಗಿಂತ ಮೇಲೆ ಬಂದರೆ ಸಾಮಾನ್ಯವಾಗಿ ನೀರು. ಲೆಕ್ಕಕ್ಕೆ ಮೊದಲು ಚಿತ್ರದ ಮೆಟಾಡೇಟಾ ನೋಡಿ. ಆಫ್‌ಸೆಟ್ −1000 ಅಂತ ಇದ್ದರೆ ಎರಡೂ ಬ್ಯಾಂಡಿನಿಂದ 1000 ಕಳೆಯಬೇಕು. 2022ರ ಜನವರಿಯಿಂದ ಬಂದ ಪದ್ಧತಿ ಇದು, ಹಳೇ ಚಿತ್ರಗಳನ್ನು ಮರುಸಂಸ್ಕರಿಸಿದ ಪ್ರತಿಗಳಲ್ಲೂ ಇರುತ್ತದೆ.

3. ಸೊನ್ನೆಗಿಂತ ಮೇಲಿನ ಪಿಕ್ಸೆಲ್ ಎಣಿಸಿ. ಅಷ್ಟು ಗುಂಟೆ ನೀರು. 40ರಿಂದ ಭಾಗಿಸಿದರೆ ಎಕರೆ.

ಇಲ್ಲಿಗೆ ನಿಲ್ಲಿಸಿದರೆ ಅದು ಬಟನ್ ಒತ್ತುವ ಪಾಠ ಅಷ್ಟೇ. ಭೂಗೋಳ ಶುರುವಾಗುವುದು ಈಗ. 2017ರ ಚಿತ್ರ 2016ರ ಬರದ ಬೆನ್ನಿಗೆ ಬಂದದ್ದು. 2020ರಲ್ಲಿ ಕೆರೆ ತುಂಬಿದ್ದರೆ ಅದು ಪೈಪಿನ ನೀರೋ ಮಳೆ ನೀರೋ? ಮಕ್ಕಳು ತಾವಾಗಿಯೇ ಉಪಾಯ ಹುಡುಕಬೇಕು: ಯೋಜನೆಯ ದಾರಿಯಲ್ಲಿ ಇಲ್ಲದ, ಅಷ್ಟೇ ದೊಡ್ಡ ಇನ್ನೊಂದು ಕೆರೆಯನ್ನೂ ಅಳೆಯುವುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ, ಆ ಅಂಕಿ ಪಕ್ಕಕ್ಕಿಡಿ. ಕೆರೆ ತುಂಬಿದರೆ ಸುತ್ತಲ ಬೋರ್‌ವೆಲ್‌ನಲ್ಲಿ ಏನಾಯಿತು, ನೀರಿನ ಗುಣ ಹೇಗಿದೆ, ಅಚ್ಚುಕಟ್ಟಿನ ಬೆಳೆ ಬದಲಾಯಿತಾ? ಇದಕ್ಕೆಲ್ಲ ಚಿತ್ರ ಉತ್ತರ ಕೊಡುವುದಿಲ್ಲ. ಮತ್ತೆ ಊರಿಗೆ ಹೋಗಬೇಕು.

ಇದೇ ಲೆಕ್ಕವನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯ ಹಳೇ ಚಿತ್ರದ ಮೇಲೂ ಮಾಡಿಸಿ. ಜೊಂಡು, ಅಂತರಗಂಗೆ ಮುಚ್ಚಿದ್ದ ಕಡೆಯೆಲ್ಲ ಸೂತ್ರ 'ನೀರಿಲ್ಲ' ಅನ್ನುತ್ತದೆ. ಅಡಿಯಲ್ಲಿ ನೀರಿದೆ ಅಂತ ನಮಗೆಲ್ಲ ಗೊತ್ತು. ಯಾರು ಸುಳ್ಳು ಹೇಳುತ್ತಿರುವುದು ಅಂತ ಕೇಳಿ ಸುಮ್ಮನಿರಿ.

ಜನಗಣತಿ ಟೇಬಲ್

ಇದನ್ನು ಎರಡು ಪ್ರಾಕ್ಟಿಕಲ್‌ನಲ್ಲಿ ಮುಗಿಸಬಹುದು. 2011ರ ಜನಗಣತಿಯ ಪಟ್ಟಿಯನ್ನು ಈಗಿನ ಜಿಲ್ಲಾ ನಕ್ಷೆಗೆ ಜಾಯಿನ್ ಮಾಡಲು ಹೇಳಿ. ಆಗುವುದಿಲ್ಲ. ಪಟ್ಟಿಯಲ್ಲಿ ಬಿಜಾಪುರ, ಗುಲ್ಬರ್ಗ ಇವೆ, ನಕ್ಷೆಯಲ್ಲಿ ವಿಜಯಪುರ, ಕಲಬುರಗಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಪಟ್ಟಿಯಲ್ಲಿ 30 ಜಿಲ್ಲೆ, ನಕ್ಷೆಯಲ್ಲಿ 31, ಯಾಕೆಂದರೆ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಆಯಿತು. ತಾಲೂಕು ಮಟ್ಟಕ್ಕೆ ಇಳಿದರೆ ಗೋಜಲು ಇನ್ನೂ ಜಾಸ್ತಿ, 2011ರಲ್ಲಿ ಇದ್ದದ್ದು 176 ತಾಲೂಕು ಮಾತ್ರ. ಹೆಸರಿನ ಬದಲು ಕೋಡ್ ಇಟ್ಟುಕೊಂಡು ಜಾಯಿನ್ ಮಾಡುವ ಅಭ್ಯಾಸ ಇಲ್ಲೇ ಬರಲಿ. ಎಕ್ಸೆಲ್ ಕೋಡಿನ ಮುಂದಿನ ಸೊನ್ನೆಗಳನ್ನು ನುಂಗುತ್ತದೆ, ನೋಡಿಕೊಳ್ಳಿ.

ಬಣ್ಣ ತುಂಬುವಾಗ ಎಲ್ಲರೂ ಮೊದಲು ಜನಸಂಖ್ಯೆಗೆ ತುಂಬುತ್ತಾರೆ. ಬೆಳಗಾವಿ ಗಾಢವಾಗಿ ಕಾಣುತ್ತದೆ, 47.8 ಲಕ್ಷ ಜನ. ದಕ್ಷಿಣ ಕನ್ನಡ ತಿಳಿಯಾಗಿ, 20.9 ಲಕ್ಷ. ಚದರ ಕಿಲೋಮೀಟರಿಗೆ ಎಷ್ಟು ಅಂತ ಮತ್ತೆ ತುಂಬಿಸಿ: ಬೆಳಗಾವಿ 356, ದಕ್ಷಿಣ ಕನ್ನಡ 430. ನಕ್ಷೆ ಉಲ್ಟಾ ಆಯಿತು. ಬೆಂಗಳೂರು ನಗರದ 4,381 ಮಾತ್ರ ಬೇರೆ ಎಲ್ಲ ಜಿಲ್ಲೆಯನ್ನೂ ಒಂದೇ ಬಣ್ಣಕ್ಕೆ ತಳ್ಳಿಬಿಡುತ್ತದೆ. ಸಮಾನ ಅಂತರದ ವರ್ಗ ಬಿಟ್ಟು ಕ್ವಾಂಟೈಲ್ (ಪ್ರತಿ ವರ್ಗಕ್ಕೂ ಹೆಚ್ಚುಕಮ್ಮಿ ಅಷ್ಟೇ ಜಿಲ್ಲೆ) ಆರಿಸಬೇಕಾದ ಕಾರಣ ಅದೇ.

ಅಂಕ ಕೊಡುವುದು

ಚೆಂದದ ನಕ್ಷೆಗೆ ಅಂಕ ಕೊಟ್ಟರೆ ಒಂದೇ ನಕ್ಷೆ ನಲವತ್ತು ಹೆಸರಿನಲ್ಲಿ ಬರುತ್ತದೆ. ನಾನು ಮಾಡುವುದು ಇಷ್ಟು. ಐದು ತಪ್ಪು ಇರುವ ನಕ್ಷೆಯೊಂದನ್ನು ನಾನೇ ಸಿದ್ಧ ಮಾಡಿ ಮುದ್ರಿಸಿ ಕೊಡುತ್ತೇನೆ. ಸ್ಕೇಲ್ ಬಾರ್ ಡಿಗ್ರಿಯಲ್ಲಿ, ಸಾಂದ್ರತೆ ಅಂತ ಶೀರ್ಷಿಕೆ ಕೊಟ್ಟು ಒಳಗೆ ಜನಸಂಖ್ಯೆ, ದತ್ತಾಂಶದ ವರ್ಷ ನಾಪತ್ತೆ, ಹೀಗೆ. ತಪ್ಪು ಹುಡುಕಿ, ಯಾಕೆ ತಪ್ಪು ಅಂತ ಬರೆಯಬೇಕು. ಕನ್ನಡದಲ್ಲೇ ಬರೆಯಲಿ. ಇನ್ನರ್ಧ ಅಂಕ ವೈವಾಗೆ, ಒಂದೇ ಪ್ರಶ್ನೆ: ನಿಮ್ಮ ಕೆರೆಯ ವಿಸ್ತೀರ್ಣ ಪಹಣಿಯಲ್ಲಿ ಒಂದು, ನಿಮ್ಮ ನಕ್ಷೆಯಲ್ಲಿ ಒಂದು, ಉಪಗ್ರಹ ಚಿತ್ರದಲ್ಲಿ ಒಂದು. ಯಾವುದು ಸರಿ? ಕಳೆದ ವರ್ಷ ಒಬ್ಬ, "ಯಾವ ತಿಂಗಳು ಸರ್?" ಅಂತ ತಿರುಗಿ ಕೇಳಿದ. ಪೂರ್ತಿ ಅಂಕ ಕೊಟ್ಟೆ.

ಸೆಮಿಸ್ಟರ್ ಮುಗಿದ ದಿನ ಎಲ್ಲ ಗುಂಪಿನ ಜಿಯೋಪ್ಯಾಕೇಜ್‌ಗಳನ್ನು ಒಂದೇ ಫೋಲ್ಡರ್‌ಗೆ ಹಾಕಿ, ಕೆರೆಯ ಹೆಸರು, ಅಳೆದ ತಾರೀಖು, ಸಿಆರ್‌ಎಸ್ ಸಂಖ್ಯೆ ಬರೆದ ಒಂದು ಪಠ್ಯ ಫೈಲ್ ಜೊತೆಗಿಡಿ. ಮುಂದಿನ ಬ್ಯಾಚ್ ಅದೇ ಕೆರೆಗೆ ಹೋಗುತ್ತದೆ.